ಗ್ರಾಫಿಕ್ಸ್ ಕಾರ್ಡಿಗೆ ಅಕ್ಷತೆ

ಹೊನ್ನಾವರದ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ನನ್ನ ಹೆಸರು ಹೇಳಿಕೊಂಡು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಅನುಕೂಲವಾಗುತ್ತದೆ ಎಂದು ನನ್ನ ಗಂಡ ಅದನ್ನು ತಂದರು. ಪ್ರಶ್ನೆಪತ್ರಿಕೆಗೆ ಧಾರಾಳವಾಗಿ ಸಾಕಾಗುತ್ತಿದ್ದ ಆ ಪೆಟ್ಟಿಗೆ ಅವರ ಕಾರ್ ರೇಸ್ ಆಟಕ್ಕೆ ಸಾಲಲಿಲ್ಲ. ಮೊದಲು ಮೆಮೊರಿ ಬದಲಾಯಿತು, ಆಮೇಲೆ ಮಾನಿಟರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್. ವರ್ಷ ತುಂಬುವುದರೊಳಗೆ ಇನ್ನೊಂದು ಆಟ ಬರುತ್ತಿತ್ತು, ಹಳೆಯ ಕಾರ್ಡು ಅಟ್ಟ ಸೇರುತ್ತಿತ್ತು.

ಅವರ ಕಚೇರಿ ಕುಮಟಾದಲ್ಲಿ. ಕೆಲವು ಶನಿವಾರ ಸಂಜೆ ಮಾತ್ರ ಅವರು ಹೊನ್ನಾವರದಲ್ಲಿ ಬಸ್ಸಿಳಿಯದೆ ಸೀದಾ ಭಟ್ಕಳಕ್ಕೆ ಹೋಗಿಬಿಡುತ್ತಿದ್ದರು. ಅಲ್ಲಿ ಕಂಪ್ಯೂಟರಿನ ದುಬೈ ಮಾಲು ಮಾರುವ ಒಂದು ಅಂಗಡಿಯಿತ್ತು.

“ಇದೊಂದ್ ಆತು ಅಂದ್ರೆ ಮುಗೀತು ಮಾರಾಯ್ತಿ,” ಎನ್ನುತ್ತಿದ್ದರು, ಹೊಸ ಕಾರ್ಡಿನ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು.

“ಹೋದ್ಸಲ ಎಂತ ಹೇಳಿದ್ರಿ?” ಎನ್ನುವಷ್ಟರಲ್ಲಿ ಸ್ಕ್ರೂಡ್ರೈವರ್ ಹುಡುಕಲು ಹೋಗಿರುತ್ತಿದ್ದರು. ಭಾನುವಾರವೆಲ್ಲ ಸ್ಕ್ರೂ ಬಿಚ್ಚುವುದು, ಹಾಕುವುದು. ಹತ್ತಿರದಲ್ಲೇ ಇರುವ ಅಪ್ಸರಕೊಂಡ ಜಲಪಾತಕ್ಕೆ ಹೋಗೋಣವೆಂದು ಅವರೇ ಹೇಳಿ ಎರಡು ಮಳೆಗಾಲ ಕಳೆದಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನವರಾತ್ರಿಯ ಆಯುಧ ಪೂಜೆಗೆ ಸರಿಯಾಗಿ ಹೊಸ ಕಾರ್ಡು ಬಂತು. ಅದು ಬಿಸಿಯೇರದಂತೆ ಮೇಲೊಂದು ಪುಟ್ಟ ಫ್ಯಾನು. ಅತ್ತೆ ಅದನ್ನೂ ಪೂಜೆಗೆ ಇಡಲು ಹೇಳಿದರು. ಮಣೆಯ ಮೇಲೆ ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಸ್ಕೂಟರಿನ ಕೀಲಿ, ನನ್ನ ಜಾಮಿಟ್ರಿ ಬಾಕ್ಸು, ಅವುಗಳ ಪಕ್ಕ ಈ ಕಾರ್ಡು. ಅತ್ತೆ ಅರಿಶಿನ ಕುಂಕುಮ ಹಚ್ಚಿ, ತುಪ್ಪದಲ್ಲಿ ಕಲಸಿದ ಕೆಂಪು ಅಕ್ಷತೆ ಹಾಕಿದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಇವರು ಆ ದಿನವಿಡೀ ದೇವರ ಕೋಣೆಯ ಬಾಗಿಲಿಗೆ ಹೋಗಿ ಬಂದದ್ದೇ ಬಂದದ್ದು.

ವಿಜಯದಶಮಿಯ ಬೆಳಿಗ್ಗೆ ಕಾರ್ಡನ್ನು ಎತ್ತಿ ಊದಿದರು, ಕೊಡವಿದರು. ಎದುರಿಗೆ ನಿಂತಿದ್ದ ನನಗೆ ಫ್ಯಾನಿನ ರೆಕ್ಕೆಗಳ ಸಂದಿನಲ್ಲಿ ಒಂದು ಕೆಂಪು ಅಕ್ಕಿಕಾಳು ಸ್ಪಷ್ಟವಾಗಿ ಕಂಡಿತು. ಅವರ ಕಡೆಯಿಂದ ಕಾಣುತ್ತಿರಲಿಲ್ಲ. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಗೊತ್ತಿದ್ದೂ ಮುಚ್ಚಿಕೊಂಡೆ.

ಕಾರ್ಡು ಹಾಕಿದ ಮೇಲೆ ಅರ್ಧ ಗಂಟೆ ಆಟದ ಕಾರು ಓಡಿತು. ಆಮೇಲೆ ಪರದೆಯ ತುಂಬ ಬಣ್ಣಬಣ್ಣದ ಗೆರೆ, ಸುಟ್ಟ ವಾಸನೆ. ಅವರು ಕಾರ್ಡು ಬಿಚ್ಚಿ, ಫ್ಯಾನು ತಿರುಗದಂತೆ ತಡೆದಿದ್ದ ಆ ಕಾಳನ್ನು ಪಿನ್ನಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಏನಾಯಿತೆಂದು ಅತ್ತೆ ಕೇಳಿದಾಗ, “ಉಪ್ಪು ಗಾಳಿ ಅಲ್ದಾ ಆಯಿ, ಇಲ್ಲೆಂತದೂ ಬಾಳೂದಿಲ್ಲ,” ಎಂದರು.

ಅದಾದ ಮೇಲೆ ಹೊಸ ಕಾರ್ಡು ತರಲಿಲ್ಲ. ಶನಿವಾರ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅಪ್ಸರಕೊಂಡಕ್ಕೂ ಹೋಗಿಬಂದೆವು. ಜಲಪಾತದ ಎದುರು ನಿಂತು, “ಚಂದ ಅದೆ,” ಎಂದರು, ಅಷ್ಟೆ. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. ಆದರೆ ಅವರ ಮುಖ ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ತಾಯಿಯ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ ಮನುಷ್ಯನಿಗೆ ನಾನು ಮಾಡಿದ್ದು ಇದು.

ದೀಪಾವಳಿ ಕಳೆದ ಮೇಲೆ ಶಾಲೆಗೆ ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದೆ. ಕಾರ್ಡು ಹಾಕುವ ಕಂಪ್ಯೂಟರಿನ ಬೋರ್ಡು ಯಾವುದೆಂದು ಅಂಗಡಿಯವರು ಕೇಳಿದರು. ನನಗೇನು ಗೊತ್ತು? “ಎಲ್ಲಕ್ಕಿಂತ ಹೊಸದು ಕೊಡಿ,” ಎಂದೆ.

ಸಂಜೆ ಡಬ್ಬಿಯನ್ನು ಅವರ ಮುಂದಿಟ್ಟು, ತೆರೆಯುವ ಮೊದಲೇ ಹೇಳಿದೆ. “ಆ ಅಕ್ಕಿಕಾಳು ನಂಗೆ ಕಂಡಿತ್ತು. ನೀವು ಹಾಕೂಕಿಂತ ಮೊದ್ಲೇ.”

ಅವರು ಡಬ್ಬಿಯನ್ನು ಬದಿಗೆ ಸರಿಸಿದರು. “ಎಂತಕ್ಕೆ ಹೇಳ್ಲಿಲ್ಲ?”

“ಸಿಟ್ಟಿತ್ತು.”

ಅವರು ಡಬ್ಬಿ ತೆರೆದು ಕಾರ್ಡನ್ನು ಹೊರತೆಗೆದರು. ತಿರುಗಿಸಿದರು, ಕ್ಯಾಬಿನೆಟ್ಟಿನ ಒಳಗೆ ಹಿಡಿದು ನೋಡಿದರು, ಮತ್ತೆ ತೆಗೆದರು.

“ಇದು ನಮ್ಮ ಬೋರ್ಡಿಗೆ ಕೂರೂದಿಲ್ಲ. ಸ್ಲಾಟೇ ಬೇರೆ,” ಎಂದರು. ಆಮೇಲೆ ತಲೆ ಎತ್ತದೆ, ಮೆಲ್ಲಗೆ, “ಬೋರ್ಡು ಬದಲ್ ಮಾಡ್ಬೇಕಾಗ್ತದೆ. ಪ್ರೊಸೆಸರೂ. ಸಿಟ್ಟು ಬರ್ತದಾ?”

“ಬರ್ತದೆ,” ಎಂದೆ. “ಈ ಸಲ ಬಾಯಿಬಿಟ್ಟು ಬೈತೆ. ಬದಲ್ ಮಾಡಿ.”