ಸಮುದ್ರ ಕಾಣದವರು ಕಟ್ಟಿದ ದೋಣಿಯ ಒಲೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹರೆಯದಲ್ಲಿ ಸುತ್ತಿಗೆಯ ಪೆಟ್ಟು ಬಿದ್ದು ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ಆ ಸೀಳಿನ ಅಂಚನ್ನು ಬೋಲ್ಟಿನ ಸುರುಳಿ ಗೀರುಗಳ ಮೇಲೆ ಮೆಲ್ಲಗೆ ಎಳೆದು, ಕಣ್ಣು ಮುಚ್ಚಿಕೊಂಡೇ ಅದಕ್ಕೆ ಕೂಡುವ ನಟ್ಟು ಯಾವ ಡಬ್ಬಿಯಲ್ಲಿದೆ ಎಂದು ಹೇಳಿಬಿಡುತ್ತಿದ್ದರು. ಅಳತೆಯ ಪಟ್ಟಿ ದುಡ್ಡು ಎಣಿಸುವ ಗಲ್ಲೆಯ ಮೇಲೆ ಇದ್ದೇ ಇರುತ್ತಿತ್ತು. ಅದು ಗಿರಾಕಿಗಳ ಸಮಾಧಾನಕ್ಕೆ.

ಹುಮನಾಬಾದಿನ ಹಳೇ ಪೇಟೆಯಲ್ಲಿ ಅವರ ಹಾರ್ಡ್‌ವೇರ್ ಅಂಗಡಿ. ಊರವರಿಗೆಲ್ಲ ಅವರು ಸಾಹುಕಾರರು, ನನಗೂ ಹಾಗೆಯೇ. ನಮ್ಮೂರು ಕೊಹಿನೂರ. ಹತ್ತಿರದ ಬಸವಕಲ್ಯಾಣದಲ್ಲಿ ಇಂಥ ಅಂಗಡಿಗಳಿಗೇನೂ ಬರವಿರಲಿಲ್ಲ, ಆದರೂ ಅಪ್ಪ ಪಂಪಿನ ಸಾಮಾನಿಗೆ ಹುಮನಾಬಾದಿಗೇ ಹೋಗುತ್ತಿದ್ದ. ಹೋದವನು ಬೇಗ ಮರಳುತ್ತಿರಲಿಲ್ಲ. ಒಂದು ವಾಷರ್ ಕೇಳಿದರೆ ಆ ಮನುಷ್ಯ ಬಾವಿಯ ಜಾತಕವನ್ನೇ ಕೇಳುತ್ತಾನೆ ಎಂದು ಗೊಣಗುತ್ತಿದ್ದ. ಹಾಗಿದ್ದರೆ ಅಲ್ಲಿಗೇ ಯಾಕೆ ಹೋಗುತ್ತೀರಿ ಎಂದು ಅವ್ವ ಕೇಳಿದರೆ, ಅವರು ಕೊಟ್ಟ ವಾಷರ್ ಸೋರುವುದಿಲ್ಲ ಎನ್ನುತ್ತಿದ್ದ.

ನಾನು ಗೋವಾಕ್ಕೆ ಹೋದದ್ದು ಹಲ್ಲಿನ ಡಾಕ್ಟರೊಬ್ಬರ ಕಾರು ಓಡಿಸಲು. ಡಾಕ್ಟರಿಗೆ ಹಾಯಿದೋಣಿಯ ಹುಚ್ಚು. ಕಾರು ತೊಳೆಯುವುದಕ್ಕಿಂತ ದೋಣಿ ತೊಳೆಯುವುದೇ ಹೆಚ್ಚಾಗಿ ಕೊನೆಗೆ ನಾನು ದೋಣಿಯವನೇ ಆಗಿಬಿಟ್ಟೆ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ನಾನು ಹಾಯಿ ಎತ್ತುವುದನ್ನು, ಇಳಿಸುವುದನ್ನು ಕಲಿತೆ. ಆ ಕೆಲಸದ ಮೇಲೆ ನನಗೆ ಪ್ರೀತಿ ಹುಟ್ಟಿತ್ತು, ಅದನ್ನು ಬಚ್ಚಿಟ್ಟು ಏನು ಪ್ರಯೋಜನ.

ಒಂದು ಚಳಿಗಾಲ ಡಾಕ್ಟರಿಗೆ ದೋಣಿಯ ಮೇಲೆಯೇ ಮೀನು ಸುಟ್ಟು ತಿನ್ನುವ ಆಸೆಯಾಯಿತು. ಪೇಟೆಯಿಂದ ಇದ್ದಿಲಿನ ಗ್ರಿಲ್ ಒಂದನ್ನು ತಂದರು. ನಾನೇ ಅದನ್ನು ದೋಣಿಯ ಬದಿಯ ಕಂಬಿಗೆ ಒಂದು ಬೋಲ್ಟು ಹಾಕಿ ಬಿಗಿದೆ. ಮೊದಲ ದಿನವೇ ದೋಣಿ ವಾಲಿತು, ಗ್ರಿಲ್ ಬೋಲ್ಟಿನ ಸುತ್ತ ಗರ್ರನೆ ತಿರುಗಿತು, ಮೀನು ಸಮುದ್ರಕ್ಕೆ ಮರಳಿತು, ಕೆಂಡ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಹಾಯಿಯಲ್ಲಿ ಎರಡು ತೂತು, ಡಾಕ್ಟರ ಮೊಣಕಾಲಿನ ಮೇಲೊಂದು ಬೊಬ್ಬೆ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದ ದಿನ ಅವರು ದನಿ ಏರಿಸದೆ ಹೇಳಿದರು, ದಸರೆಯ ಹೊತ್ತಿಗೆ ಕದಲದ ಒಲೆಯೊಂದನ್ನು ಕೂರಿಸು, ಆಗದಿದ್ದರೆ ದೋಣಿಯ ಕೀಲಿ ಬೇರೆಯವರ ಕೈಗೆ ಕೊಡುತ್ತೇನೆ ಎಂದು.

ಊರಿಗೆ ಬಂದವನು ಮೂರನೆಯ ದಿನವೇ ಹುಮನಾಬಾದಿನ ಬಸ್ಸು ಹತ್ತಿದೆ. ಒಳ್ಳೆಯ ಬೋಲ್ಟು ಕೊಡಿ ಎಂದು ಕೇಳಿ ಬರುವುದಷ್ಟೇ ನನ್ನ ಲೆಕ್ಕ. ಸಾಹುಕಾರರು ಸ್ಟೂಲು ತೋರಿಸಿದರು. ಅಲ್ಲಿಗೆ ನನ್ನ ಮಧ್ಯಾಹ್ನ ಮುಗಿಯಿತು. ದೋಣಿ ಎಷ್ಟು ವಾಲುತ್ತದೆ, ಕಂಬಿ ಎಷ್ಟು ದಪ್ಪ, ಬೂದಿ ಎಲ್ಲಿಗೆ ಹೋಗುತ್ತದೆ, ಒಲೆಯ ಮುಂದೆ ನಿಂತವನು ಬೀಳುವಂತಾದರೆ ಏನು ಹಿಡಿದುಕೊಳ್ಳುತ್ತಾನೆ. ಮೀನಿನ ಮಾತು ಬಂದಾಗ ನಾನು ತಡವರಿಸಿದೆ. ಅವರು ಹಣೆಗೆ ವಿಭೂತಿ ಹಚ್ಚದೆ ಅಂಗಡಿಯ ಬಾಗಿಲು ತೆಗೆದವರಲ್ಲ.

“ನಾ ತಿನ್ನಂಗಿಲ್ಲ ಅಂದ್ರ ಬೆಂಕಿಗೇನ್ ಗೊತ್ತು, ತಮ್ಮಾ? ಎಣ್ಣಿ ಎಷ್ಟ್ ಸೋರ್ತದ, ಅದು ಹೇಳು,” ಎಂದರು.

ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಲಂಗರು ಹಾಕಿ ನಿಂತಾಗ ದೋಣಿ ಯಾವ ಕಡೆಗೆ ಮುಖ ಮಾಡುತ್ತದೆ? ಯಾವ ಕಡೆಗಾದರೂ ಮಾಡುತ್ತದೆ ಎಂದೆ ನಾನು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಆರು ವರ್ಷ ಅದರ ಮ್ಯಾಲೇ ಇದ್ದೀ. ಅದು ಯಾಕಡಿ ಮಾರಿ ಮಾಡಿ ನಿಲ್ತದ ಅಂತ ಒಂದಿನಾನೂ ನೋಡಿಲ್ಲೇನು?”

ನಾಚಿಕೆಯಾಯಿತು. ಅಲ್ಲಿಂದಲೇ ಗೋವಾದ ಕಾವಲುಗಾರನಿಗೆ ಫೋನು ಮಾಡಿ, ನದಿಯಲ್ಲಿ ನಿಂತ ಮೀನುದೋಣಿಗಳನ್ನು ನೋಡಿ ಹೇಳು ಎಂದೆ. ಎಲ್ಲವೂ ಗಾಳಿಗೆ ಮೂಗು ಕೊಟ್ಟು ನಿಂತಿವೆ ಎಂದ ಅವನು. ಹಾಗಾದರೆ ಒಲೆಯ ಜಾಗ ಬದಿಯಲ್ಲಲ್ಲ, ದೋಣಿಯ ಬೆನ್ನಿಗೆ, ಹಿಂತುದಿಯ ಕಂಬಿಯ ಆಚೆ ಎಂದು ಸಾಹುಕಾರರು ತೀರ್ಮಾನಿಸಿದರು. ಹೊಗೆ ಹಿಂದಕ್ಕೆ ಹೋಗುತ್ತದೆ, ಸೋರಿದ್ದು ನೀರಿಗೆ ಬೀಳುತ್ತದೆ, ಹಾಯಿಯ ಕಡೆಗೆ ಏನೂ ಬರುವುದಿಲ್ಲ. ಸಮುದ್ರವನ್ನು ಒಮ್ಮೆಯೂ ಕಾಣದ ಮನುಷ್ಯ ಸ್ಟೂಲಿನ ಪಕ್ಕ ಕೂತು ನನ್ನ ದೋಣಿಯನ್ನು ನನಗೇ ತೋರಿಸಿಕೊಟ್ಟಿದ್ದರು.

ಇನ್ನು ಉಕ್ಕಿನ ವಿಷಯ. ನಮ್ಮ ಕಡೆ ಸ್ಟೀಲು ಕೊಳ್ಳುವವರೆಲ್ಲ ಅಯಸ್ಕಾಂತ ಹಚ್ಚಿ ನೋಡುತ್ತಾರೆ. ಅದು ಅಂಟದಿದ್ದರೆ ಅಸಲಿ ಮಾಲು, ತುಕ್ಕು ಹಿಡಿಯುವುದಿಲ್ಲ ಎಂದು ನಂಬಿಕೆ. ಸಾಹುಕಾರರ ಗಲ್ಲೆಗೆ ಸುತಳಿಯಲ್ಲಿ ಕಟ್ಟಿದ ಅಯಸ್ಕಾಂತವೊಂದು ನೇತಾಡುತ್ತಿತ್ತು, ಗಿರಾಕಿ ಕೇಳುವ ಮೊದಲೇ ಅವರು ಹಚ್ಚಿ ತೋರಿಸುತ್ತಿದ್ದರು. ನನಗೂ ತೋರಿಸಿದರು. ತೋರಿಸಿದ ಮೇಲೆ ಅವರಿಗೇ ಏನೋ ಅನುಮಾನ ಬಂತು. ಇದು ಬಾವಿಯ ನೀರಲ್ಲ, ಉಪ್ಪಿನ ನೀರು. ಮನೆಯಿಂದ ಹೆಂಡತಿಯ ಉಪ್ಪಿನಕಾಯಿ ಭರಣಿ ತರಿಸಿದರು. ಕೈತುಂಬ ಉಪ್ಪು ಕದಡಿ ಮೂರು ತುಣುಕು ಇಳಿಬಿಟ್ಟರು. ಒಂದು ಸಾದಾ ಕಬ್ಬಿಣ, ಒಂದು ಅಂಗಡಿಯ ಅಸಲಿ ಸ್ಟೀಲು, ಇನ್ನೊಂದು ಊರ ಹೊರಗಿನ ಕಾರ್ಖಾನೆಯ ಗುಜರಿಯಿಂದ ತಂದ, ಆಸಿಡ್ ಹರಿಯುತ್ತಿದ್ದ ಪೈಪಿನ ಚೂರು. ಹೊಸ ಮಾವಿನಕಾಯಿ ಹಾಕುವ ಹೊತ್ತಿಗೆ ಭರಣಿ ಕಿತ್ತುಕೊಂಡರು ಎಂದು ಅವರ ಹೆಂಡತಿ ನನ್ನ ಮುಂದೆ ದೂರು ಹೇಳಿದರು. ನಾವೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದೆವು.

ಭರಣಿ ತನ್ನ ಕೆಲಸ ಮಾಡುತ್ತಿರುವಾಗ ನಾವು ಗಾಳಿಯ ಪರೀಕ್ಷೆಗೆ ಇಳಿದೆವು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ತೆಳು ತಗಡಿನ ನಮೂನೆಯ ಗ್ರಿಲ್ ಒಂದನ್ನು ಮಾಡಿಸಿದರು. ಗುರುತಿನವನ ಟೆಂಪೋದ ಹಿಂದಿನ ಕಂಬಿಗೆ ಅದನ್ನು ಬಿಗಿದು, ಇದ್ದಿಲು ಹೊತ್ತಿಸಿ, ಬದನೆಕಾಯಿ ಮತ್ತು ಮೆಕ್ಕೆಜೋಳದ ತೆನೆ ಇಟ್ಟು ರಾಜೇಶ್ವರದ ದಾರಿ ಹಿಡಿದೆವು. ಧೋತರ ಮೇಲಕ್ಕೆ ಸಿಕ್ಕಿಸಿ ಸಾಹುಕಾರರು ಒಲೆಯ ಪಕ್ಕವೇ ಕುಕ್ಕರಗಾಲಲ್ಲಿ ಕೂತರು. ರೋಡ್ ಬ್ರೇಕರ್ ಬಂದಾಗಲೆಲ್ಲ ಅಲೆ ಬಂತು ಎಂದು ಎಚ್ಚರಿಸುತ್ತಿದ್ದರು. ಒಂದೇ ಬೋಲ್ಟಿನಿಂದ ತಿರುಗುತ್ತಿದ್ದ ಗ್ರಿಲ್, ಕೆಳಗಿನ ಕಂಬಿಗೊಂದು ಕಾಲು ಕೊಟ್ಟ ಮೇಲೆ ಅಲ್ಲಾಡಲಿಲ್ಲ. ಕಂಬಿಗೂ ಗ್ರಿಲ್ ಬಿಗಿದ ಪಟ್ಟಿಗೂ ನಡುವೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೂ ಅವರದೇ ಬುದ್ಧಿ. ನನಗೆ ಕೀಲಿ ಉಳಿಯಿತೆಂದೇ ಅನ್ನಿಸಿತು.

ಆದರೆ ಕಿಡಿಗಳು ಟೆಂಪೋದ ಮೇಲೆ ಹೊದಿಸಿದ್ದ ತಾಡಪತ್ರಿಯನ್ನು ಹಿಡಿದವು. ನಾವಿಬ್ಬರೂ ತೆನೆ ತಿರುಗಿಸುವುದರಲ್ಲಿ ಮುಳುಗಿದ್ದೆವು. ರಾಜೇಶ್ವರ ಮುಟ್ಟುವಷ್ಟರಲ್ಲಿ ಹೊಗೆ ಕಂಡ ಚಹಾದಂಗಡಿಯವರು ಗಾಡಿಗೇ ಬೆಂಕಿ ಬಿದ್ದಿದೆ ಎಂದು ಅಡ್ಡ ನಿಂತು ನಿಲ್ಲಿಸಿದರು. ಒಂದಾದ ಮೇಲೊಂದು ಬಕೆಟ್ ನೀರು ಬಂತು. ಕಾದ ತಗಡು ಟಣ್ಣೆಂದು ಸೊಟ್ಟಗಾಯಿತು. ಸಾಹುಕಾರರು ತಲೆಯಿಂದ ಕಾಲಿನವರೆಗೆ ತೊಯ್ದು, ಕೈಯಲ್ಲಿ ಅರೆಬೆಂದ ಬದನೆಕಾಯಿ ಹಿಡಿದು ನಿಂತಿದ್ದರು. ಜನ ನಗುತ್ತಿದ್ದರು. ಅವರು ನೀರು ಎರಚಿದವನನ್ನು ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ. ಹೊಗೆ ನಿನಗೆ ಎಷ್ಟು ದೂರದಿಂದ ಕಂಡಿತು, ಬೆಳ್ಳಗಿತ್ತೋ ಕರ್ರಗಿತ್ತೋ ಎಂದು ವಿಚಾರಿಸಿದರು.

ನನಗೆ ಅಳು ಬರುವುದೊಂದೇ ಬಾಕಿ. ದಸರೆ ಹತ್ತಿರ ಬರುತ್ತಿತ್ತು, ಒಲೆ ಸೊಟ್ಟಗಾಗಿತ್ತು. ಅವರು ಒದ್ದೆ ತೆನೆಯನ್ನೇ ಮುರಿದು ಅರ್ಧ ನನಗೆ ಕೊಟ್ಟರು. ಕಾದ ಒಲೆಯ ಮೇಲೆ ಸಮುದ್ರದ ನೀರು ಹೇಳಿ ಕೇಳಿ ಬೀಳುತ್ತದೆಯೇ, ಅಲ್ಲಿ ಆಗುವುದು ಇಲ್ಲೇ ಆಯಿತಲ್ಲ ಎಂದರು. ಮರುದಿನ ಎಲ್ಲ ಬದಲಾಯಿತು. ಇದ್ದಿಲು ಬೇಡ, ಗ್ಯಾಸು. ತೆಳು ತಗಡು ಬೇಡ, ದಪ್ಪದ್ದು. ಗ್ಯಾಸಿನ ಸಣ್ಣ ಸಿಲಿಂಡರ್ ಕೂಡ ಕಂಬಿಯ ಆಚೆಯೇ ತೂಗಬೇಕು. ಸೋರಿದ ಗ್ಯಾಸು ಕೆಳಗಿಳಿಯುತ್ತದೆ, ದೋಣಿಯ ಹೊಟ್ಟೆಯಲ್ಲಿ ಕೂತರೆ ಯಾರಿಗೂ ತಿಳಿಯುವುದಿಲ್ಲ ಎಂದು ನನ್ನಿಂದ ಎರಡು ಸಲ ಹೇಳಿಸಿದರು.

ಶ್ರಾವಣ ಮುಗಿದ ಮೇಲೆ ಭರಣಿಯಿಂದ ತುಣುಕುಗಳನ್ನು ಎತ್ತಿದೆವು. ಕಬ್ಬಿಣ ಕೊಳೆತೇ ಹೋಗಿತ್ತು. ಗುಜರಿಯ ಚೂರು ಹಾಕಿದ ದಿನದಂತೆಯೇ ಇತ್ತು. ಅಂಗಡಿಯ ಅಸಲಿ ಸ್ಟೀಲಿನ ಮೈತುಂಬ ಕೆಂಪು ಚುಕ್ಕೆ ಎದ್ದಿತ್ತು. ಸಾಹುಕಾರರು ಅಯಸ್ಕಾಂತ ತಂದು ಹಚ್ಚಿದರು, ಅಂಟಲಿಲ್ಲ. ಮತ್ತೆ ಹಚ್ಚಿದರು. ಆ ಹೊತ್ತಿಗೆ ಕೊಡಂಬಲದ ಗಿರಾಕಿಯೊಬ್ಬ ಪೈಪು ಕೊಳ್ಳಲು ಬಂದು, ಎಂದಿನಂತೆ ಹಚ್ಚಿ ತೋರಿಸಿರಿ ಎಂದ.

“ಇಷ್ಟ್ ವರ್ಷ ನಾ ನಿಮಗ ಹೇಳಿದ್ದು ಅರ್ಧಾ ಅಷ್ಟೇ ಖರೆ ಇತ್ರಿ,” ಎಂದು ಅವನ ಮುಂದೆ ಭರಣಿ ಸರಿಸಿದರು. “ಇದನ್ನ ನೋಡಿ ತಗೋರಿ.”

ಅಂದೇ ಸುತಳಿ ಕತ್ತರಿಸಿ ಅಯಸ್ಕಾಂತವನ್ನು ಮೊಳೆಯ ಡಬ್ಬಿಗೆ ಹಾಕಿದರು. ಎಪ್ಪತ್ತು ಮುಟ್ಟಿದವರು, ಹೊಟ್ಟೆ ಹೊರೆದ ಮಾತನ್ನೇ ಗಿರಾಕಿಯೆದುರು ಹಿಂದೆ ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅವರ ಮುಖದಲ್ಲಿ ಸೋಲು ಇರಲಿಲ್ಲ. ಹೊಸದೇನೋ ಸಿಕ್ಕ ಖುಷಿಯೇ ಇತ್ತು. ಭರಣಿ ಮಾತ್ರ ಅವ್ವಾರಿಗೆ ಮರಳಿ ಸಿಗಲಿಲ್ಲ, ಗಲ್ಲೆಯ ಮೇಲೆಯೇ ಉಳಿಯಿತು.

ಕಾರ್ಖಾನೆಯ ಗುಜರಿಯ ತಗಡಿನಿಂದಲೇ ಒಲೆ ಸಿದ್ಧವಾಯಿತು. ನಾನು ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ದೋಣಿಯ ಬೆನ್ನಿಗೆ ಬಿಗಿದೆ. ಡಾಕ್ಟರು ಅದನ್ನು ಹಿಡಿದು ಜೋತುಬಿದ್ದು ನೋಡಿದರು. ಮೀನು ಬೆಂದಿತು, ಯಾರಿಗೂ ಬೊಬ್ಬೆ ಏಳಲಿಲ್ಲ. ಕೀಲಿ ಇವತ್ತಿಗೂ ನನ್ನ ಸೊಂಟದಲ್ಲಿದೆ.

ಅಲ್ಲಿಂದ ಪ್ರತಿ ಮಳೆಗಾಲ ಮುಗಿದೊಡನೆ ಸಾಹುಕಾರರ ಫೋನು. ಕ್ಷೇಮ ಸಮಾಚಾರಕ್ಕೂ ಮೊದಲು ಒಂದೇ ಮಾತು, ಜಂಗು ಹತ್ತಿದೆಯೇ ಎಂದು. ತುಕ್ಕಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಇಲ್ಲ ಎಂದರೆ ಅವರ ದನಿಯಲ್ಲಿ ಸಣ್ಣ ನಿರಾಸೆಯೇ ಇರುತ್ತಿತ್ತೇನೋ. ದೋಣಿ ನೋಡಲು ಬನ್ನಿ ಎಂದು ಎಷ್ಟು ಕರೆದರೂ ಅಂಗಡಿ ಯಾರು ನೋಡುತ್ತಾರೆ ಎನ್ನುತ್ತಿದ್ದರು.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ಅಪ್ಪನಿಂದ ತಿಳಿದಿತ್ತು. ಅದೇ ವರ್ಷ ಕೆಳಗಿನ ಕಾಲಿನ ಒಂದು ಬೋಲ್ಟಿಗೆ ತುಕ್ಕು ಕಂಡಿತು. ಫೋನು ಬಂದಾಗ, ಏನೂ ಹತ್ತಿಲ್ಲ ಸಾಹುಕಾರ್ರ ಎಂದುಬಿಟ್ಟೆ.

“ಉಪ್ಪು ಯಾರಿಗೂ ಬಿಟ್ಟಿಲ್ಲ, ತಮ್ಮಾ. ಎಲ್ಲಿ ಹತ್ತ್ಯದ, ಹೇಳು.”

ಹೇಳಿದೆ. ಆ ಬೋಲ್ಟು ಹಳೇ ಡಬ್ಬಿಯದು, ಹಾಕುವಾಗಲೇ ಅನುಮಾನವಿತ್ತು ಎಂದರು. ಬದಲಿಸು, ಆದರೆ ಎಸೆಯಬೇಡ, ತುಕ್ಕು ಎಲ್ಲಿಂದ ಶುರುವಾಗಿದೆ ಎಂದು ನಾನು ನೋಡಬೇಕು, ತೆಗೆದುಕೊಂಡು ಬಾ ಎಂದರು. ಹಾಸಿಗೆ ಹಿಡಿದವರ ದನಿ ಒಮ್ಮೆಲೇ ಗಟ್ಟಿಯಾಗಿತ್ತು.

ಯುಗಾದಿಗೆ ಒಯ್ಯೋಣ ಎಂದುಕೊಂಡೆ. ನಾನು ಯಾಕೆ ತಡ ಮಾಡಿದೆನೋ. ಶಿವರಾತ್ರಿ ದಾಟಲಿಲ್ಲ, ಅವರು ಹೋದರು.

ಬೋಲ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹುಮನಾಬಾದಿಗೆ ಹೋದೆ. ಅವ್ವಾರು ಗಲ್ಲೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಭರಣಿ, ಹಿಂದೆ ಮಾಲೆ ಹಾಕಿದ ಫೋಟೋ. ಕರವಸ್ತ್ರ ಬಿಚ್ಚಿದೆ. ಇದೇನಾ ಅದು, ಕಡೆಯವರೆಗೂ ನೆನೆಸುತ್ತಿದ್ದರು ಎಂದು ಅದನ್ನು ಕೈಗೆ ತೆಗೆದುಕೊಂಡರು. ತುಕ್ಕು ಒರೆಸಲಿಲ್ಲ. ಫೋಟೋದ ಮುಂದೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಡಲು ಹೋದವರು ತಡೆದು, ಗಲ್ಲೆಯ ಮೇಲಿದ್ದ ಸಾಹುಕಾರರ ಕನ್ನಡಕವನ್ನೇ ಹಾಕಿಕೊಂಡು ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಎಲ್ಲಿಂದ ಚಾಲೂ ಆಗ್ಯದ ಇದು?”

ತಲೆಯ ಕೆಳಗಿನಿಂದ ಶುರುವಾಗಿದೆ, ನೀರು ನಿಲ್ಲುವ ಜಾಗ ಅದೇ ಎಂದೆ. ಅವ್ವಾರು ಬೋಲ್ಟನ್ನು ಅಲ್ಲಿಟ್ಟು ಫೋಟೋದ ಕಡೆಗೆ ತಿರುಗಿದರು.

“ಕೇಳಿದ್ರೇನ್ರಿ? ತಲಿ ಕೆಳಗಿಂದಂತ.”