ಶಾಂತಾರಾಮನ ಪೀಪಾಯಿ

ಪತ್ರ ಬಂದಾಗ ಜಯಂತಿ ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ತನಕ ನೀರಿಗಿಳಿದು ಬಳಚು ಆರಿಸುತ್ತಿದ್ದಳು. ಚಿಪ್ಪಿನ ಆ ಸಣ್ಣ ಜೀವಗಳು ಸಿಗುವುದು ಇಳಿತದ ಹೊತ್ತಿನಲ್ಲಿ ಮಾತ್ರ. ಭರತದ ನೀರು ಏರುವ ತನಕ ಮೇಲೆ ಬರುವಂತಿಲ್ಲ. ಮಗಳು ಸೌಜನ್ಯಾ ದಡದಲ್ಲೇ ನಿಂತು ಕೂಗಿ ಓದಿ ಹೇಳಿದಳು. ಗೋವಾದಲ್ಲಿ ಅಪ್ಪ ಕೆಲಸಕ್ಕಿದ್ದ ವಿಸ್ಕಿ ಕಾರ್ಖಾನೆಯಲ್ಲಿ ಅಪ್ಪನ ಹೆಸರಿನ ಒಂದು ಪೀಪಾಯಿ ಇದೆಯಂತೆ. ವಿಸ್ಕಿ ತುಂಬಿಟ್ಟು ಒಂಬತ್ತು ವರ್ಷ ಆಯಿತು, ಇನ್ನೂ ಬಿಟ್ಟರೆ ಒಳಗೇ ಆರಿಹೋಗುತ್ತದೆ, ಮನೆಯವರು ಬಂದು ಬಾಟಲಿಗೆ ತುಂಬಿಸಿಕೊಳ್ಳಬೇಕು.

“ಸತ್ತ ಮೇಲೂ ಒಂದು ಕೆಲಸ ಹಚ್ಚಿ ಹೋಗಿದ್ರು ನೋಡು,” ಎಂದಳು ಜಯಂತಿ. ಕೈ ಕೆಸರಿನಲ್ಲೇ ಇತ್ತು.

ಶಾಂತಾರಾಮ ಅಂಬಿಗ ಅಲ್ಲಿ ಇಪ್ಪತ್ತೆರಡು ವರ್ಷ ಪೀಪಾಯಿ ಕಟ್ಟಿದ್ದ, ಸೋರಿದ್ದನ್ನು ರಿಪೇರಿ ಮಾಡಿದ್ದ. ತಿಂಗಳಿಗೊಮ್ಮೆ ಮನೆಗೆ ಬಂದರೆ ಊಟ ಮಾಡಿ ಮಲಗುತ್ತಿದ್ದ, ಎದ್ದರೆ ಬ್ಯಾಗು ಹಿಡಿದು ಹೊರಡುತ್ತಿದ್ದ. ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಪೀಪಾಯಿಯ ವಿಷಯ ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ಬೇರೆ ವಿಷಯಗಳನ್ನಾದರೂ ಎಲ್ಲಿ ಹೇಳಿದ್ದ?

ಹೋಗುವುದು ಬೇಡವೆಂದೇ ಇದ್ದಳು. ಮೈದುನ ದಿನೇಶ ಬಿಡಲಿಲ್ಲ. “ಅಣ್ಣಂದು ಅಂತ ಉಳ್ದದ್ದು ಅದೊಂದೇ, ಅತ್ತಿಗೆ. ಹೋಗಿ ಬನ್ನಿ,” ಎಂದ. ಒಂದು ಶನಿವಾರ ತಾಯಿ ಮಗಳು ಕುಮಟಾದಲ್ಲಿ ರೈಲು ಹತ್ತಿದರು. ಜಯಂತಿ ಮಡಗಾಂವ್ ಬರುವ ತನಕ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು. ಬಹಳ ದಿನಗಳಿಂದ ಅವಳಿಗೆ ಕೂತಲ್ಲೆಲ್ಲ ನಿದ್ದೆ ಬರುತ್ತಿತ್ತು.

ಗೋದಾಮಿನ ಬಾಗಿಲಲ್ಲಿ ಈರ ಕಾಯುತ್ತಿದ್ದ. ಅವರದೇ ಜಿಲ್ಲೆಯ ಮಂಕಿ ಊರಿನವನು, ಶಾಂತಾರಾಮನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವನು. ಸಾಲು ಸಾಲು ದೊಡ್ಡ ಪೀಪಾಯಿಗಳ ಕೊನೆಯಲ್ಲಿ, ನೆಲದ ಮೇಲೆ, ಭತ್ತ ಅಳೆಯುವ ಕಳಸಿಗೆಯಷ್ಟೇ ಇದ್ದ ಸಣ್ಣದೊಂದನ್ನು ತೋರಿಸಿದ.

“ಒಡೆದ ಪೀಪಾಯಿಯ ಹಲಗೆ ಆರಿಸಿ ಆರಿಸಿ ಇದನ್ನ ಅವ್ನೇ ಕಟ್ಟಿದ್ದು, ಅತ್ತಿಗೆ. ಹಳೇ ಸಾಹುಕಾರ್ರು ಮೆಚ್ಚಿ, ತುಂಬಿಸ್ಕೋ, ಇದು ನಿಂದೇ ಅಂದ್ರು. ಶನಿವಾರ ಶನಿವಾರ ಬಂದು ಹೀಗೆ ಬಡಿದು ಕೇಳ್ತಿದ್ದ, ಎಷ್ಟು ಇಳೀತು ಅಂತ.”

ಈರ ಬೆರಳ ಗೆಣ್ಣಿನಿಂದ ಬಡಿದ. ಮೇಲುಗಡೆ ಟೊಳ್ಳು ಸದ್ದು, ತೀರ ಕೆಳಗೆ ಬಂದಾಗ ಗಟ್ಟಿ.

ಜಯಂತಿ ಬಗ್ಗಿ ನೋಡಿದಳು. ಹಲಗೆ ಹಲಗೆಯ ಸಂದಿನಲ್ಲಿ ಒಣ ಹುಲ್ಲಿನ ಎಳೆ ಇಣುಕುತ್ತಿತ್ತು.

“ಇದೆಂತದು?”

“ಆಪಿನ ಹುಲ್ಲು. ಸಂದಿಗೆ ಇಟ್ರೆ ಉಬ್ಬಿ ಕೂತ್ಕೊಳ್ತದೆ, ಸೋರೂದಿಲ್ಲ. ಊರಿಂದ್ಲೇ ತರ್ತಿದ್ದ.”

ಅದು ಜಯಂತಿಯೇ ಕೊಯ್ದ ಹುಲ್ಲು. ಪ್ರತಿವರ್ಷ ಮಳೆ ಮುಗಿದ ಮೇಲೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಅಂಚಿನಲ್ಲಿ ಕೊಯ್ದು, ನೆರಳಲ್ಲಿ ಒಣಗಿಸಿ, ಸುರುಳಿ ಕಟ್ಟಿ ಗಂಡನಿಗೆ ಕೊಡುತ್ತಿದ್ದಳು. ಎಂತಕ್ಕೆ ಎಂದು ಒಮ್ಮೆ ಕೇಳಿದ್ದಕ್ಕೆ “ಬೇಕು” ಎಂದಿದ್ದ. ಅವಳು ಅಲ್ಲೇ ಪೀಪಾಯಿಯ ಪಕ್ಕ ಕುಳಿತುಬಿಟ್ಟಳು. ಸೌಜನ್ಯಾ ಗಾಬರಿಯಾಗಿ, “ಎಂತ ಆತು ಆಯಿ?” ಎಂದಳು.

“ಎಂತ ಇಲ್ಲ. ಕಾಲು ನೋವು.”

ಬಾಟಲಿ ತುಂಬುವ ವಿಭಾಗದ ಉಮಾ ಕಾರವಾರದ ಕಡೆಯವಳು. ಬಿರಡೆ ತೆಗೆದು, ಕೊಳವೆ ಇಟ್ಟು ಒಳಗಿದ್ದದ್ದನ್ನು ಸ್ಟೀಲಿನ ಪಾತ್ರೆಗೆ ಇಳಿಸಿದಳು. ಪೀಪಾಯಿಯ ಒಳಮೈಯ ಸುಟ್ಟ ಮರದ ಕರಿಚೂರು ಸೋಸಿದ ಮೇಲೆ ಅಳೆದಳು. ಐವತ್ತು ಲೀಟರು ತುಂಬಿದ್ದು, ಉಳಿದದ್ದು ಹದಿನೈದೂ ಇಲ್ಲ.

“ಕಮ್ಮಿ ಆದದ್ದು ಯಾರು ಕುಡಿದ್ರು?” ಜಯಂತಿ ಕೇಳಿದಳು.

“ನಮ್ಮ ಸೆಕೆ ಕುಡೀತು, ಅಕ್ಕ. ಎಲ್ಲ ಪೀಪಾಯಿದೂ ಇದೇ ಕತೆ.” ಉಮಾ ನಕ್ಕಳು. “ಖಾರ ಬಹಳ ಇದೆ. ಸ್ವಲ್ಪ ನೀರು ಸೇರಿಸೂದಾ? ಬಾಟಲಿನೂ ಜಾಸ್ತಿ ಆಗ್ತದೆ.”

“ಬೇಡ. ಅವ್ರಿಗೆ ಮೀನುಸಾರಿಗೆ ನೀರು ಹೆಚ್ಚಾದ್ರೂ ಆಗ್ತಿರ್ಲಿಲ್ಲ.”

ತಾನೇ ತುಂಬುತ್ತೇನೆ ಎಂದಳು. ಕೂದಲಿಗೆ ಟೊಪ್ಪಿ ಹಾಕಿಸಿ ಕೊಳಾಯಿಯ ಮುಂದೆ ನಿಲ್ಲಿಸಿದರು. ಬಳಚು ಆರಿಸಿ ಆರಿಸಿ ಸೀಳಿದ ಬೆರಳುಗಳಿಗೆ ವಿಸ್ಕಿ ತಾಗಿ ಬೆಂಕಿಯಾಯಿತು. ಕೈ ಒರೆಸಿಕೊಂಡು ಮುಂದುವರಿಸಿದಳು. ಹತ್ತೊಂಬತ್ತು ತುಂಬಿದವು, ಇಪ್ಪತ್ತನೆಯದು ಅರ್ಧಕ್ಕೇ ನಿಂತಿತು. ಚೀಟಿಯ ಮೇಲೆ ಹೆಸರೇನು ಬರೆಯಲಿ ಎಂದು ಉಮಾ ಕೇಳಿದಾಗ, “ಕಟ್ಟಿದ್ದು ಶಾಂತಾರಾಮ ಅಂಬಿಗ. ತುಂಬಿದ್ದು ಜಯಂತಿ. ಎರಡೂ ಇರ್ಲಿ,” ಎಂದಳು. ಪ್ರತಿ ಚೀಟಿಗೂ ಸಹಿ ಹಾಕಬೇಕಿತ್ತು. ಹತ್ತನೆಯ ಚೀಟಿಯ ಹೊತ್ತಿಗೆ ಅಕ್ಷರಗಳು ಸೊಟ್ಟಗಾಗತೊಡಗಿದವು.

ಗಡಿ ದಾಟಿಸಲು ಪರವಾನಗಿ ಇದ್ದದ್ದು ಆರು ಬಾಟಲಿಗೆ. ಉಳಿದದ್ದನ್ನು ಅವನ ಜೊತೆ ದುಡಿದವರಿಗೆ ಹಂಚಿ ಎಂದಳು. ವಾರದ ರಜೆಗೆ ಊರಿಗೆ ಹೊರಟಿದ್ದ ಈರ ತನ್ನ ಓಮ್ನಿಯಲ್ಲೇ ಕರೆದುಕೊಂಡು ಬಂದ. ಮಾಜಾಳಿಯ ಚೆಕ್‌ಪೋಸ್ಟಿನಲ್ಲಿ ಪೇದೆಯೊಬ್ಬ ಕಾಗದ ನೋಡಿ, ಚೀಟಿ ಓದಿ, “ಈ ಶಾಂತಾರಾಮ ಯಾರು?” ಎಂದ.

“ನನ್ನ ಗಂಡ.”

“ಬರ್ಲಿಲ್ವಾ?”

“ಇಲ್ಲ. ಹೋಗಿ ಎರಡು ವರ್ಷ ಆತು.”

ಅವನು ಕಾಗದ ಮಡಚಿ ವಾಪಸು ಕೊಟ್ಟು ಕೈಬೀಸಿದ.

ಮಾರನೆಯ ದಿನ ಮಧ್ಯಾಹ್ನ ದಿನೇಶ ಒಂದು ಬಾಟಲಿಯ ಮುಚ್ಚಳ ತೆಗೆದ. ಅಣ್ಣನ ಜೊತೆ ದೋಣಿಗೆ ಹೋಗಿ ಬೆಳೆದ ನಾಲ್ಕು ಜನ ಜಗಲಿಯಲ್ಲಿ ಕೂತಿದ್ದರು. ಮೊದಲ ಗುಟುಕಿಗೇ ಎಲ್ಲರೂ ಕೆಮ್ಮಿದರು. ಆಮೇಲೆ ಒಬ್ಬೊಬ್ಬರಾಗಿ ಶಾಂತಾರಾಮನ ಮಾತು ತೆಗೆದರು: ಬಲೆಯೊಳಗೆ ತಾನೇ ಸಿಕ್ಕಿ ಬಿದ್ದದ್ದು, ಜಯಂತಿಯನ್ನು ಹೆಣ್ಣು ನೋಡಲು ಹೋದಾಗ ಅವಳ ಮುಂದೆ ಬಾಯಿಯೇ ಬಿಡದೆ ಎದ್ದು ಬಂದದ್ದು. ತಿಥಿ ಮುಗಿದ ಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಅಷ್ಟು ಹೊತ್ತು ಎತ್ತಿರಲಿಲ್ಲ.

ಜಯಂತಿ ಒಳಗಿನಿಂದ ಕೇಳಿಸಿಕೊಂಡಳು. ಸೌಜನ್ಯಾ ಬಂದು, “ಆಯಿ, ಇಳಿತ ಶುರುವಾತು, ಹೋಗೂದಿಲ್ವಾ?” ಎಂದಳು.

“ಇವತ್ತು ಬೇಡ,” ಎಂದು ಅವಳು ಜಗಲಿಯ ಮಾತು ಕೇಳಿಸುವಂತೆ ಬಾಗಿಲ ಬಳಿ ಚಾಪೆ ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.