ಒಡೆಟ್ ಟೀಚರಮ್ಮನ ಮೂವತ್ತು ಜೋಡುಪದಗಳು

ಫ್ರಾನ್ಸಿನ ಅರಾಸ್ ಊರಿನ ಒಡೆಟ್ ದೆಲ್ವಾಲ್ ಮೂವತ್ತಾರು ವರ್ಷ ಒಂದನೇ ತರಗತಿಯ ಮಕ್ಕಳಿಗೆ ಮೇಜು ತಟ್ಟಿ ಮಾತು ಕಲಿಸಿದವಳು. ಎಷ್ಟೇ ಉದ್ದದ ಜೋಡುಪದವಿರಲಿ, ತುಂಡಿಗೊಂದು ತಟ್ಟು, ಕೊನೆಯ ತುಂಡಿಗೆ ಒತ್ತು. ಕಾಮನಬಿಲ್ಲೆಂದರೆ 'ಆರ್-ಕಾಂ-ಸ್ಯೆಲ್', ಮೂರು ತಟ್ಟು. ಒತ್ತು ತಪ್ಪಿದ ಮಗು ಸರಿಯಾಗಿ ಹೇಳುವವರೆಗೂ ನಿಂತೇ ಇರಬೇಕು. ಅಂಥವಳಿಗೆ ಅರವತ್ತೆಂಟರಲ್ಲಿ ಪಾರ್ಶ್ವವಾಯು ಬಡಿದು ಮಾತೇ ಬಿದ್ದುಹೋಯಿತು. ದೇವರಿಗೆ ಬೇರೆ ಯಾರೂ ಸಿಗಲಿಲ್ಲ ನೋಡಿ.

ಮನೆಯಲ್ಲಿದ್ದವನು ತಮ್ಮ ರೆಮಿ. ವಯಸ್ಸು ಐವತ್ತೊಂಬತ್ತು, ಬುದ್ಧಿ ಆರು ವರ್ಷದ್ದು. ಅಮ್ಮ ಸತ್ತ ಮೇಲೆ ಅವನಿಗೆ ಎಲ್ಲವೂ ಅಕ್ಕನೇ. ಆಸ್ಪತ್ರೆಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ತಿಂಗಳ ಕೊನೆಗೆ ಪರೀಕ್ಷೆ. ಫೋನಿನಲ್ಲಿ ನೆರವು ಕೇಳುವಷ್ಟು ಮಾತು ಬಂದರೆ ಇಬ್ಬರೂ ಮನೆಯಲ್ಲೇ ಇರಬಹುದು. ಇಲ್ಲವಾದರೆ ಅವಳು ವೃದ್ಧಾಶ್ರಮಕ್ಕೆ, ಅವನು ಬೇರೆ ಊರಿನ ಆಶ್ರಮಕ್ಕೆ.

ಮಾತಿನ ಚಿಕಿತ್ಸೆ ಕೊಡುವ ಸೊಲೆನ್ ಎಂಬ ಹುಡುಗಿ, ತಟ್ಟುತ್ತ ಹೇಳಿದರೆ ಮಾತು ಮರಳಬಹುದು ಎಂದಾಗ ಒಡೆಟ್ ಮುಖ ಅರಳಿತು. ತನ್ನದೇ ವಿದ್ಯೆ! ಹಳೆಯ ಪಾಠಪುಸ್ತಕ ತರಿಸಿ, ಉಕ್ತಲೇಖನಕ್ಕೆ ಕೊಡುತ್ತಿದ್ದ ಮೂವತ್ತು ಕಷ್ಟದ ಜೋಡುಪದಗಳನ್ನು ಬೆರಳಿಟ್ಟು ಆರಿಸಿದಳು.

"ಟೀಚರ್, ಇವೆಲ್ಲ ಆಮೇಲಾಗ್ಲಿ. ಮೊದ್ಲು ತಮ್ಮನ ಹೆಸ್ರು ಹೇಳಿ. ರೆ-ಮಿ, ಎರಡೇ ತಟ್ಟು," ಎಂದು ಸೊಲೆನ್ ಬೇಡಿಕೊಂಡಳು.

ಒಡೆಟ್ ಕೈಬೀಸಿ ತಳ್ಳಿಹಾಕಿದಳು. ಸುಲಭದ್ದನ್ನು ಯಾರಾದರೂ ಉರುಹೊಡೆಯುತ್ತಾರೆಯೇ? ಒಡಹುಟ್ಟಿದವನ ಹೆಸರು ಮರೆಯುವುದುಂಟೇ? ಟೀಚರಮ್ಮನ ಹಟಕ್ಕೆ ಮದ್ದಿಲ್ಲ.

ಪರೀಕ್ಷೆಯ ದಿನ ರೆಮಿ ಕೋಟಿನ ಗುಂಡಿಗಳನ್ನು ಮೇಲುಕೆಳಗಾಗಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ. ಒಡೆಟ್ ಮೂವತ್ತೂ ಪದಗಳನ್ನು ನೀರು ಕುಡಿದಂತೆ ಹೇಳಿದಳು. ಒಂದು ಒತ್ತೂ ಜಾರಲಿಲ್ಲ.

"ಭೇಷ್ ಮೇಡಂ!" ಎಂದರು ಡಾಕ್ಟರು. "ಈಗ, ನಿಮ್ಮ ತಮ್ಮ ಮೆಟ್ಲಿಂದ ಬಿದ್ಬಿಟ್ರು ಅಂದ್ಕೊಳ್ಳಿ. ಫೋನ್ ಮಾಡ್ತೀರ. ಬಿದ್ದಿದ್ದು ಯಾರು?"

ಎರಡು ಸಲ ತಟ್ಟಿದಳು.

"ಶು-ಫ್ಲರ್."

ಹೂಕೋಸು. ಪಟ್ಟಿಯ ಏಳನೇ ಪದ. ತಪ್ಪೆಂದು ಅವಳಿಗೇ ಗೊತ್ತಾಯಿತು. ಮತ್ತೆ ತಟ್ಟಿದಳು, ಮತ್ತೆ ಹೂಕೋಸೇ. ಕಣ್ಣಲ್ಲಿ ನೀರು ದಳದಳ ಸುರಿಯಿತು.

ರೆಮಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು ಹೂಕೋಸಂತೆ! ಇನ್ನೊಂದ್ಸಲ ಹೇಳೇ ಅಕ್ಕಾ!"

ಸೊಲೆನ್ ಮುಖ ತಿರುಗಿಸಿಕೊಂಡಳು. ಡಾಕ್ಟರು ಕಾಗದಕ್ಕೆ ಸಹಿ ಹಾಕಿದರು.

ಗುರುವಾರ ರೆಮಿಯನ್ನು ಕರೆದೊಯ್ಯಲು ಆಶ್ರಮದ ವ್ಯಾನು ಬಂತು. ಒಡೆಟ್ ಕಿಟಕಿಯ ಬಳಿ ನಿಂತು, ಕರುಳು ಕಿತ್ತುಬಂದಂತೆ ಅವನನ್ನು ಕೂಗಿದಳು. ಹೊರಬಂದದ್ದು ಅದೇ ಹೂಕೋಸು. ರೆಮಿ ಚಪ್ಪಾಳೆ ತಟ್ಟಿ, ನಗುನಗುತ್ತಲೇ ವ್ಯಾನು ಹತ್ತಿದ.